ಸೆರೆಮನೆಯ ಬಾಗಿಲೂ ಮಂತ್ರಿಯ ಕುರ್ಚಿಯೂ

ಚುನಾವಣೆಯ ವೇದಿಕೆಯ ಮೇಲೆ ನಿಂತು ಕೊಡುವ ವಚನಗಳಲ್ಲಿ ಎಲ್ಲಕ್ಕೂ ಅಗ್ಗವಾದದ್ದು ಯಾವದು? ಕೆರೆ ಕಟ್ಟಿಸುವೆನೆಂದರೆ ಹಣ ಬೇಕು. ಶಾಲೆ ತೆರೆಯುವೆನೆಂದರೆ ಮಾಸ್ತರರು ಬೇಕು, ಅವರಿಗೆ ಸಂಬಳ ಬೇಕು. ಆದರೆ "ಅಧಿಕಾರ ಕೈಗೆ ಬಂದ ದಿವಸವೇ ತುರಂಗದಲ್ಲಿರುವ ನಮ್ಮವರನ್ನು ಬಿಡಿಸುವೆವು" ಎಂಬ ವಚನಕ್ಕೆ ಬೊಕ್ಕಸದಿಂದ ಒಂದು ದುಗ್ಗಾಣಿಯೂ ಹೋಗುವಂತಿಲ್ಲ. ಒಂದು ಹಾಳೆ, ಒಂದು ಸಹಿ ಸಾಕು. ಹೀಗಿದ್ದೂ ಈ ವಚನವು ಗೆದ್ದವರ ಲೆಕ್ಕದ ಪುಸ್ತಕದಲ್ಲಿ ವರ್ಷಗಟ್ಟಲೆ ಬಾಕಿಯಾಗಿಯೇ ಉಳಿಯುವದನ್ನು ನಾವು ನೋಡುತ್ತ ಬಂದಿದ್ದೇವೆ. ಇದಕ್ಕೆ ಕಾರಣವು ಗುಪ್ತವಾದದ್ದೇನೂ ಅಲ್ಲ. ಆ ಸಹಿಗೆ ಹಣ ಬೇಡವಾದರೂ ಕೆಲವೊಮ್ಮೆ ಕುರ್ಚಿಯನ್ನೇ ಬೆಲೆಯಾಗಿ ಕೊಡಬೇಕಾಗುತ್ತದೆ. ಆ ಬೆಲೆ ತೆರಲು ಸಿದ್ಧರಾದವರು ವಿರಳ.

ಇನ್ನೂ ಒಂದು ಮಾತಿದೆ. ರಸ್ತೆಯಾಗದಿದ್ದರೆ ಊರವರು ಮಂತ್ರಿಯ ಮೋಟಾರನ್ನು ತಡೆದು ಕೇಳುತ್ತಾರೆ. ಸೆರೆಯಾಳು ಯಾರನ್ನು ತಡೆಯಬೇಕು? ಅವನು ಸಭೆಗೆ ಬರಲಾರ, ಮತ ಹಾಕಲಾರ, ಪತ್ರಿಕೆಗೆ ಬರೆಯಲಾರ. ಅವನ ಪರವಾಗಿ ಕಚೇರಿಯ ಮೆಟ್ಟಲು ಹತ್ತಿಳಿಯುವವರು ಮುಪ್ಪಿನ ತಂದೆ, ಇಲ್ಲವೆ ಕೈಗೂಸಿನ ಹೆಂಡತಿ. ಅವರ ಅರ್ಜಿಗೆ "ಪರಿಶೀಲನೆಯಲ್ಲಿದೆ" ಎಂಬ ಉತ್ತರ ಕೊಟ್ಟರೆ ಸಾಕೆಂಬದು ಎಲ್ಲ ಸರಕಾರಗಳಿಗೂ ಗೊತ್ತು. ವಕೀಲಿ ವೃತ್ತಿಯವರ ಭಾಷೆಯಲ್ಲಿ ಹೇಳುವದಾದರೆ ಇದು ಮುದ್ದತ್ತು ಬರೆಯದ ರೋಖೆ. ಸಾಲ ಕೊಟ್ಟವನು ಕೋಣೆಯೊಳಗೆ, ಸಾಲ ತೆಗೆದುಕೊಂಡವನ ಕೈಯಲ್ಲಿ ಕೀಲಿಕೈ.

ಬಾಯಿಮಾತಿನ ತರ್ಕ ಸಾಕು, ನಡೆದ ಸಂಗತಿಯನ್ನೇ ನೋಡೋಣ. 1937ರಷ್ಟು ಸ್ವಚ್ಛವಾದ ಉದಾಹರಣೆಯು ನಮ್ಮ ದೇಶದ ಇತಿಹಾಸದಲ್ಲಿ ಬೇರೊಂದಿಲ್ಲ. 1936ರ ಅಗಸ್ಟದಲ್ಲಿ ಕಾಂಗ್ರೆಸ್ಸು ಪ್ರಕಟಿಸಿದ ಚುನಾವಣಾ ಪ್ರಣಾಲಿಕೆಯಲ್ಲಿ ರಾಜಕೀಯ ಕೈದಿಗಳ ಬಿಡುಗಡೆ ಮತ್ತು ದಮನಕಾರಕ ಕಾಯದೆಗಳ ರದ್ದತಿ, ಇವೆರಡೂ ಸ್ಪಷ್ಟವಾಗಿದ್ದವು. ಬಂಗಾಲದಲ್ಲಿ ಫಜಲುಲ್ ಹಕ್ಕರ ಕೃಷಕ ಪ್ರಜಾ ಪಕ್ಷವೂ ಜಮೀನ್ದಾರಿಯ ರದ್ದತಿಯೊಡನೆ ಈ ಬಿಡುಗಡೆಯ ವಚನವನ್ನು ಕೊಟ್ಟಿತ್ತು. ಒಂದೇ ವರ್ಷ, ಒಂದೇ ಕಾಯದೆ, ಒಂದೇ ಬಗೆಯ ವಚನ. ಫಲ ಮಾತ್ರ ಎರಡು ಬಗೆ.

ಮೊದಲು ಬಂಗಾಲ. ಚುನಾವಣೆಯ ಬಳಿಕ ಕಾಂಗ್ರೆಸ್ಸಿಗೂ ಹಕ್ಕರ ಪಕ್ಷಕ್ಕೂ ಕೂಡಿ ಮಂತ್ರಿಮಂಡಲ ರಚಿಸುವ ಮಾತುಕತೆ ನಡೆಯಿತು. ಅದು ಮುರಿದದ್ದು ಎಲ್ಲಿ? ಸೆರೆಯಾಳುಗಳ ಪ್ರಶ್ನೆ ಮೊದಲೋ, ರೈತರ ಸಾಲ-ಗೇಣಿಗಳ ಪ್ರಶ್ನೆ ಮೊದಲೋ ಎಂಬಲ್ಲಿ. ಬಿಡುಗಡೆಯನ್ನು ಮೊದಲು ಇಟ್ಟರೆ ಗವರ್ನರನು ಒಪ್ಪಲಾರ, ಒಪ್ಪದಿದ್ದರೆ ರಾಜೀನಾಮೆ ಕೊಡಬೇಕು, ರಾಜೀನಾಮೆ ಕೊಟ್ಟರೆ ರೈತನಿಗೆ ಏನೂ ದಕ್ಕದು ಎಂದು ಹಕ್ಕರ ಕಡೆಯವರು ಅಂಜಿದರು. ಅಂಜಿಕೆಯಲ್ಲಿ ಹುರುಳಿಲ್ಲವೆಂದು ನಾವು ಹೇಳುವದಿಲ್ಲ. ಬಂಗಾಲದ ರೈತನ ಕುತ್ತಿಗೆಗೆ ಸಾಲದ ಹಗ್ಗ ಬಿದ್ದದ್ದು ಸುಳ್ಳಲ್ಲ. ಆದರೆ ಮುಂದೆ ಆದದ್ದೇನು? ಹಕ್ಕರು ಮುಸ್ಲಿಮ್ ಲೀಗಿನೊಡನೆ ಕೂಡಿ 1937ರ ಎಪ್ರಿಲ್‌ದಲ್ಲಿ ಅಧಿಕಾರಕ್ಕೆ ಬಂದರು. ತುರಂಗಗಳ ಆಡಳಿತವುಳ್ಳ ಗೃಹಖಾತೆಯು ಖ್ವಾಜಾ ನಾಜಿಮುದ್ದೀನರ ಪಾಲಾಯಿತು. ಈ ನಾಜಿಮುದ್ದೀನರು ಯಾರು? ಅದೇ ಚುನಾವಣೆಯಲ್ಲಿ ಪಟುವಾಖಾಲಿ ಕ್ಷೇತ್ರದಲ್ಲಿ ಸ್ವತಃ ಹಕ್ಕರೇ ಎದುರು ನಿಂತು ಸೋಲಿಸಿದ ಮಹಾಶಯರು! ಮತದಾರನು ಹೊರಗೆ ಕಳಿಸಿದವನನ್ನು ಗೆದ್ದವನೇ ಕರೆತಂದು ಕೀಲಿಕೈ ಒಪ್ಪಿಸಿದ ಈ ಪರಿಯನ್ನು ಯಾವ ಹೆಸರಿನಿಂದ ಕರೆಯಬೇಕೋ ವಾಚಕರೇ ಹೇಳಲಿ.

ಆ ವರ್ಷದ ಜುಲೈ 24ರಂದು ಅಂಡಮಾನಿನ ಸೆರೆಮನೆಯಲ್ಲಿ ರಾಜಬಂದಿಗಳು ಉಪವಾಸ ಹೂಡಿದರು. ದೇಶವೆಲ್ಲ ಕಳವಳಗೊಂಡಿತು. ಆಮೇಲೆ ಅವರನ್ನು ಮುಖ್ಯ ಭೂಮಿಗೆ ತಂದದ್ದೂ, ಗಾಂಧೀಜಿಯವರೇ ಕಲಕತ್ತೆಗೆ ಬಂದು ಸರಕಾರದೊಡನೆ ಮಾತಾಡಿದ ಮೇಲೆ ವಿಚಾರಣೆಯಿಲ್ಲದೆ ಇಟ್ಟಿದ್ದ ಸ್ಥಾನಬದ್ಧರಲ್ಲಿ ಬಹಳ ಜನರನ್ನು ಬಿಟ್ಟದ್ದೂ ನಿಜ. ಆದರೆ ಶಿಕ್ಷೆಯಾದವರ ಗತಿ? ಒಬ್ಬೊಬ್ಬರ ಕಾಗದ ನೋಡುತ್ತ ಎರಡು ವರ್ಷಗಳು ಕಳೆದವು. 1939ರ ಜುಲೈದಲ್ಲಿ ಅಲಿಪುರ ಮತ್ತು ಡಂಡಂ ತುರಂಗಗಳಲ್ಲಿ ಮತ್ತೆ ಉಪವಾಸ ಮಾಡಬೇಕಾಯಿತು. ಚುನಾಯಿತ ಮಂತ್ರಿಗಳ ಆಳಿಕೆಯಲ್ಲಿ, ಅವರೇ ಕೊಟ್ಟ ವಚನಕ್ಕಾಗಿ, ಬಂದಿಗಳು ಅನ್ನ ಬಿಡಬೇಕಾಯಿತು! ರೈತನ ಹೆಸರು ಹೇಳಿ ಹಿಂದೆ ಹಾಕಿದ ಪ್ರಶ್ನೆಯಿದು. ಆ ರೈತನಿಗೆ 1938ರಲ್ಲಿ ಗೇಣಿ ಕಾಯದೆಯ ತಿದ್ದುಪಡಿಯೇನೋ ದೊರೆಯಿತು. ಜಮೀನ್ದಾರಿಯು ಹಕ್ಕರ ಆ ಮಂತ್ರಿಮಂಡಲದ ಕಾಲದಲ್ಲಿ ಅಳಿಯಲಿಲ್ಲ.

ಇನ್ನು ಸಂಯುಕ್ತ ಪ್ರಾಂತ ಮತ್ತು ಬಿಹಾರಗಳನ್ನು ನೋಡಿರಿ. 1937ರ ಜುಲೈದಲ್ಲಿ ಅಲ್ಲಿ ಕಾಂಗ್ರೆಸ್ಸು ಅಧಿಕಾರ ವಹಿಸಿತು. ಅಗಸ್ಟದೊಳಗಾಗಿಯೇ ಕಾಕೋರಿ ಪ್ರಕರಣದ ಬಂದಿಗಳು ಹೊರಗೆ ಬಂದರು. ಈ ಬಂದಿಗಳು ಅಹಿಂಸೆಯ ವ್ರತಿಗಳಲ್ಲವೆಂಬದು ಎಲ್ಲರಿಗೂ ತಿಳಿದದ್ದೇ. ಆದರೂ ವಚನದಲ್ಲಿ "ರಾಜಕೀಯ ಕೈದಿಗಳು" ಎಂದಿತ್ತೇ ಹೊರತು "ನಮ್ಮ ಪಂಥದ ಕೈದಿಗಳು" ಎಂದಿರಲಿಲ್ಲ. ಬಳಿಕ ಉಳಿದವರ ಸರದಿ ಬಂದಾಗ ಗವರ್ನರರು ಅಡ್ಡ ನಿಂತರು. 1935ರ ಕಾಯದೆಯ 126ನೆಯ ಕಲಮಿನಲ್ಲಿ ಶಾಂತಿರಕ್ಷಣೆಯ ನೆವದಿಂದ ಗವರ್ನರ್ ಜನರಲನು ಕೈಹಾಕಲು ಸಂದಿಯಿತ್ತು. ಲಿನ್‌ಲಿತ್‌ಗೊ ಸಾಹೇಬರು ಆ ಸಂದಿಯಲ್ಲಿ ಕೈಹಾಕಿದರು. ಎರಡೂ ಪ್ರಾಂತಗಳನ್ನು ಕೂಡಿಸಿದರೂ ಉಳಿದ ಬಂದಿಗಳ ಸಂಖ್ಯೆ ಐವತ್ತಕ್ಕೆ ಮುಟ್ಟುತ್ತಿರಲಿಲ್ಲ. ಇಷ್ಟು ಜನರಿಗಾಗಿ ಕೋಟಿಗಟ್ಟಲೆ ಜನರ ಆಡಳಿತವನ್ನು ಬಿಡುವದೇ? ಲೆಕ್ಕಿಗನಾದವನು ಬೇಡವೆನ್ನುತ್ತಿದ್ದ. ಗೋವಿಂದ ವಲ್ಲಭ ಪಂತರೂ ಶ್ರೀಕೃಷ್ಣ ಸಿಂಹರೂ ಲೆಕ್ಕಿಗರಾಗಲಿಲ್ಲ. 1938ರ ಫೆಬ್ರುವರಿ 15ರಂದು ಇಬ್ಬರೂ ರಾಜೀನಾಮೆ ಕೊಟ್ಟರು.

ಆಕಾಶವೇನೂ ಕಳಚಿ ಬೀಳಲಿಲ್ಲ. ಹರಿಪುರದಲ್ಲಿ ಕಾಂಗ್ರೆಸ್ಸಿನ ಅಧಿವೇಶನ ಕೂಡಿ ಅವರ ಬೆನ್ನಿಗೆ ನಿಂತಿತು. ಅದೇ ತಿಂಗಳು ಮುಗಿಯುವದರೊಳಗೆ ಸರಕಾರ ಬಾಗಿತು. ಮಂತ್ರಿಗಳು ಒಬ್ಬೊಬ್ಬರ ಪ್ರಕರಣವನ್ನು ನೋಡಿ ಬಿಡುಗಡೆ ಮಾಡಬಹುದೆಂಬ ಒಪ್ಪಂದವಾಗಿ ಮಂತ್ರಿಮಂಡಲಗಳು ಮರಳಿದವು, ಬಾಗಿಲುಗಳು ತೆರೆದವು. "ಒಟ್ಟಿಗೆ ಬಿಡುಗಡೆ" ಎಂಬ ಮಾತು ಸಡಿಲಾಯಿತೆಂದು ಆಕ್ಷೇಪಿಸುವವರು ಆಕ್ಷೇಪಿಸಲಿ. ಸೆರೆಯಾಳಿಗೆ ಬೇಕಾದದ್ದು ಮನೆಯ ಹೊಸ್ತಿಲು. ಠರಾವಿನ ವ್ಯಾಕರಣ ಅವನಿಗೆ ಯಾತಕ್ಕೆ?

ಬಂಗಾಲದಲ್ಲಿ ಯಾವ ಅಂಜಿಕೆಯಿಂದ ಕೆಲಸ ಕೆಟ್ಟಿತೋ ಆ ಅಂಜಿಕೆಯನ್ನೇ ಲಖನೌ-ಪಾಟಣಾಗಳಲ್ಲಿ ಎದುರಿಸಿ ನಿಂತರು. ನಿಂತು ನೋಡಿದರೆ ಅದರ ಹಿಂದೆ ಹುಲಿಯಿರಲಿಲ್ಲ. ಅಧಿಕಾರದಲ್ಲಿರುವವರು ಆಡುವ "ಕಾಲ ಇನ್ನೂ ಕೂಡಿಬಂದಿಲ್ಲ" ಎಂಬ ಮಾತಿನ ಬೆಲೆ ಕನ್ನಡಿಗರಿಗೆ ಹೇಳಿಕೊಡಬೇಕಾದದ್ದಿಲ್ಲ. 1920ರ ನಾಗಪುರ ಕಾಂಗ್ರೆಸ್ಸಿನಲ್ಲಿ ಭಾಷೆಗೆ ಅನುಸರಿಸಿ ಪ್ರಾಂತ ಸಮಿತಿಗಳಾದವು. ಅಧಿಕಾರ ಬಂದ ಮೇಲೆ, 1949ರಲ್ಲಿ, ಜವಾಹರಲಾಲ, ವಲ್ಲಭಭಾಯಿ, ಪಟ್ಟಾಭಿಯವರ ಸಮಿತಿಯು ಭಾಷಾವಾರು ಪ್ರಾಂತಗಳ ಮಾತನ್ನು ಮುಂದೂಡಬೇಕೆಂದಿತು. ಕನ್ನಡನಾಡು ಒಂದಾದದ್ದು 1956ರ ನವೆಂಬರ 1ಕ್ಕೆ. ಮೂವತ್ತಾರು ವರ್ಷ! ನಾಡು ಮೂವತ್ತಾರು ವರ್ಷ ಕಾಯಬಲ್ಲದು. ನಾಡಿಗೆ ಆಯುಷ್ಯ ದೊಡ್ಡದು. ಇಪ್ಪತ್ತರ ಹರೆಯದಲ್ಲಿ ಒಳಗೆ ಹೋದ ಮನುಷ್ಯನು ಅಷ್ಟು ಕಾಲ ಕಾದರೆ ಹೊರಗೆ ಬರುವದು ಅವನ ಎಲುಬು ಮಾತ್ರ.

ನಮ್ಮ ಕರ್ನಾಟಕದಲ್ಲಿ ಇಂಥ ವಚನ ಸಂದದ್ದೂ ಉಂಟು. ಅದನ್ನು ಹೇಳದಿದ್ದರೆ ಅನ್ಯಾಯವಾದೀತು. 1932ರ ಕರನಿರಾಕರಣೆಯಲ್ಲಿ ಅಂಕೋಲಾ, ಸಿದ್ಧಾಪುರ ತಾಲೂಕುಗಳ ರೈತರು ಕಂದಾಯ ಕೊಡಲೊಲ್ಲೆವೆಂದು ನಿಂತಾಗ ಸರಕಾರವು ಹೊಲ-ಗದ್ದೆ, ಅಡಕೆಯ ತೋಟ, ದನಕರು, ಪಾತ್ರೆಪಡಗಗಳನ್ನು ಜಪ್ತಿ ಮಾಡಿ ಲಿಲಾವಿಗೆ ಹಚ್ಚಿತು. ಲಿಲಾವಿನಲ್ಲಿ ಕೊಂಡವರ ಮನೆಯ ಬಾಗಿಲಲ್ಲಿ ಮಾವಿನಗುಂಡಿಯಂಥ ಊರುಗಳ ಹೆಣ್ಣುಮಕ್ಕಳು ಉಪವಾಸ ಕುಳಿತ ಸಂಗತಿಯನ್ನು ಆ ಸೀಮೆಯವರು ಮರೆತಿಲ್ಲ. 1931ರ ಗಾಂಧಿ-ಆಯರ್ವಿನ್ ಒಪ್ಪಂದವು ಮೂರನೆಯವರಿಗೆ ಮಾರಿಹೋದ ಭೂಮಿಯ ಮಾತು ಮುಗಿದದ್ದೆಂದು ಬರೆದುಬಿಟ್ಟಿತ್ತು. ಅಂದಮೇಲೆ 1932ರಲ್ಲಿ ಹೋದ ಭೂಮಿಯು ಮರಳುವದೆಂದು ಯಾರು ನಂಬಬೇಕು? ಕೈದಿಗೆ ಕ್ಷಮೆ ಕೊಡುವದಕ್ಕೆ ಸಹಿ ಸಾಕು. ಭೂಮಿಯ ಕ್ಷಮೆಗೆ ಕಾಯದೆಯೇ ಬೇಕು. ಬಾಳಾಸಾಹೇಬ ಖೇರರ ಮಂತ್ರಿಮಂಡಲವು 1938ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಅಂಥ ಕಾಯದೆಯನ್ನು ಮಾಡಿ, ಕೊಂಡವರಿಂದ ಭೂಮಿಯನ್ನು ಮರಳಿ ಪಡೆದು ಮೂಲದ ಒಡೆಯರಿಗೆ ಕೊಡಿಸಿತು. ಕೊಂಡವರ ಹಕ್ಕು ಏನಾಯಿತು ಎಂದು ಕೋರ್ಟಿನ ಪಡಸಾಲೆಯಲ್ಲಿ ಕೇಳಿದವರಿದ್ದರು. ನೆರೆಯವನ ಸಂಕಟದಲ್ಲಿ ಕವಡೆಯ ಬೆಲೆಗೆ ಅವನ ಗದ್ದೆ ಹೊಡೆದವನ ಹಕ್ಕಿಗೆ ನಾವಂತೂ ಕಣ್ಣೀರು ಸುರಿಸಲಾರೆವು.

ಅದೇ ಮಂತ್ರಿಗಳ ಇನ್ನೊಂದು ಮುಖವನ್ನೂ ಕಾಣಬೇಕು. ಸೆರೆಯಾಳುಗಳನ್ನು ಬಿಡಿಸುವೆವೆಂದು ಬಂದ ಪಕ್ಷದ ಮದ್ರಾಸು ಸರಕಾರವೇ 1937ರ ಅಕ್ಟೋಬರದಲ್ಲಿ ಸಮಾಜವಾದಿ ಬಾಟ್ಲಿವಾಲಾ ಅವರ ಮೇಲೆ ರಾಜದ್ರೋಹದ ಖಟ್ಲೆ ಹೂಡಿತು. ಆರು ತಿಂಗಳ ಶಿಕ್ಷೆಯಾಯಿತು. ನಿನ್ನೆ ಯಾವ ಕಲಮಿನಡಿ ತಾವು ಒಳಗೆ ಕುಳಿತಿದ್ದರೋ ಆ ಕಲಮು ಕುರ್ಚಿಯ ಮೇಲಿಂದ ನೋಡಿದಾಗ ಅಷ್ಟು ಕೆಟ್ಟದಾಗಿ ಕಾಣಲಿಲ್ಲವೆಂದು ತೋರುತ್ತದೆ.

ಇಷ್ಟು ಓದಿದ ಮೇಲೆ, ವಚನ ಪಾಲಿಸಿದರೆ ಸಾಕು, ಪಾಲಿಸಿದವನೇ ದೊಡ್ಡವನು ಎಂದು ಯಾರಾದರೂ ತಿಳಿದಾರು. ಹಾಗಲ್ಲ. ಯಾರ ಬಿಡುಗಡೆ, ಯಾತಕ್ಕಾಗಿ ಬಿಡುಗಡೆ ಎಂಬದನ್ನು ಕೇಳದಿದ್ದರೆ ಈ ವಚನದಷ್ಟು ಅಪಾಯದ ವಸ್ತು ಬೇರೆಯಿಲ್ಲ. ಅಮೇರಿಕದಲ್ಲಿ 2021ರ ಜನೇವರಿ 6ರಂದು ಚುನಾವಣೆಯಲ್ಲಿ ಸೋತ ಅಧ್ಯಕ್ಷ ಟ್ರಂಪರ ಬೆಂಬಲಿಗರು ಶಾಸನಸಭೆಯ ಮಂದಿರಕ್ಕೆ ನುಗ್ಗಿದರು. ನೂರಕ್ಕೂ ಮಿಕ್ಕಿ ಪೋಲೀಸರಿಗೆ ಪೆಟ್ಟಾಯಿತು. ಇವರನ್ನು ಬಿಡಿಸುವೆನೆಂದು ವಚನ ಕೊಟ್ಟು ಮತ್ತೆ ಗೆದ್ದ ಟ್ರಂಪರು, 2025ರ ಜನೇವರಿ 20ರಂದು, ಅಧಿಕಾರ ಸ್ವೀಕರಿಸಿದ ದಿನವೇ, ಸುಮಾರು 1500 ಜನರಿಗೆ ಕ್ಷಮೆ ಕೊಟ್ಟು ಇನ್ನು 14 ಜನರ ಶಿಕ್ಷೆಯನ್ನು ಇಳಿಸಿದರು. ವಚನವು ತಡವಿಲ್ಲದೆ ಸಂದಿತು. ಪಂತರ ನಡತೆಗೂ ಇದಕ್ಕೂ ಇರುವ ಅಂತರವನ್ನು ಶಾಲೆಯ ಹುಡುಗನೂ ಕಂಡಾನು: ಪಂತರು ಬಂದಿಗಳಿಗಾಗಿ ಕುರ್ಚಿ ಬಿಟ್ಟರು, ಇಲ್ಲಿಯ ಬಂದಿಗಳು ಒಬ್ಬನ ಕುರ್ಚಿ ಉಳಿಸುವದಕ್ಕಾಗಿ ಒಳಗೆ ಹೋದವರು. ಅವರಿಗೆ ಸಂದದ್ದನ್ನು ಕೂಲಿಯೆಂದು ಕರೆಯುವದೇ ಸರಿ.

ಪರದೇಶದ ಮಾತು ಬೇಡವೆಂದರೆ ನೆರೆಯ ಆಂಧ್ರವನ್ನು ನೋಡಬಹುದು. ಮನುಷ್ಯಹತ್ಯೆಯ ಪ್ರಕರಣದಲ್ಲಿ ಶಿಕ್ಷೆ ಅನುಭವಿಸುತ್ತಿದ್ದ ಒಬ್ಬನಿಗೆ ಅಲ್ಲಿಯ ಗವರ್ನರರು ಉಳಿದ ಶಿಕ್ಷೆಯನ್ನು ಮಾಫಿ ಮಾಡಿದರು. ಪ್ರಕರಣವು ಸುಪ್ರೀಮ್ ಕೋರ್ಟಿಗೆ ಹೋದಾಗ ಕಾಗದಪತ್ರಗಳಲ್ಲಿ ಅವನು ಆಳುವ ಪಕ್ಷದ ಒಳ್ಳೆಯ ಕಾರ್ಯಕರ್ತನೆಂಬ ಮಾತು ಸಿಕ್ಕಿತು. 2006ರಲ್ಲಿ ಕೋರ್ಟು ಆ ಮಾಫಿಯನ್ನು ರದ್ದುಪಡಿಸಿ, ಜಾತಿ, ಧರ್ಮ, ಪಕ್ಷನಿಷ್ಠೆಗಳನ್ನು ನೋಡಿ ಕ್ಷಮೆ ಕೊಡಲಾಗದೆಂದು ಸಾರಿತು. ಘಟನೆಯ 161ನೆಯ ಕಲಮಿನ ಅಧಿಕಾರವು ಗವರ್ನರರ ಹೆಸರಿನಲ್ಲಿದ್ದರೂ ನಡೆಯುವದು ಮಂತ್ರಿಗಳ ಸಲಹೆಯಂತೆ. ಆದ್ದರಿಂದ ಲೆಕ್ಕ ಕೇಳಬೇಕಾದದ್ದು ಮಂತ್ರಿಗಳನ್ನೇ. ಓಟು ಬೇಡಲು ಬಂದವನು ಬಿಡುಗಡೆಯ ಮಾತೆತ್ತಿದರೆ ಮಾಸ್ತರರೂ ವ್ಯಾಪಾರಸ್ಥರೂ ಅಲ್ಲಿಯೇ ಎದ್ದುನಿಂತು ಕೇಳಲಿ: ಹೆಸರುಗಳ ಯಾದಿ ಎಲ್ಲಿ? ಅವರ ಅಪರಾಧವೇನು? ಎಷ್ಟು ದಿನದೊಳಗೆ? ನಿನ್ನ ಮೇಲಿನವರು ಒಲ್ಲೆನೆಂದರೆ ನೀನು ಕುರ್ಚಿ ಬಿಡುವೆಯೋ? ಕೊನೆಯ ಪ್ರಶ್ನೆಗೆ ಅವನು ನೀರು ಕೇಳಿದರೆ ಉತ್ತರ ಸಿಕ್ಕಿತೆಂದು ತಿಳಿಯಿರಿ.

"ನಮ್ಮವರು" ಎಂಬ ಶಬ್ದದ ವಿಷಯವಾಗಿ ಒಂದು ಸಂಗತಿ ಉಳಿದಿದೆ. 1930ರ ಎಪ್ರಿಲ್ 23ರಂದು ಪೇಶಾವರದಲ್ಲಿ ನಿರಾಯುಧರಾದ ಪಠಾಣರ ಮೇಲೆ ಗುಂಡು ಹಾರಿಸಲು ಗಢವಾಲಿ ಸಿಪಾಯಿಗಳು ಒಪ್ಪಲಿಲ್ಲ. ಅವರ ಮುಂದಾಳು ಚಂದ್ರಸಿಂಹ ಗಢವಾಲಿಗೆ ಸೈನಿಕ ನ್ಯಾಯಾಲಯವು ಆಜನ್ಮ ಶಿಕ್ಷೆ ಕೊಟ್ಟಿತು. 1931ರ ಒಪ್ಪಂದದಲ್ಲಿ ಸತ್ಯಾಗ್ರಹಿಗಳು ಬಿಡುಗಡೆ ಹೊಂದಿದರು. ಆಜ್ಞೆ ಮೀರಿದ ಸಿಪಾಯಿ ಮತ್ತು ಪೋಲೀಸರಿಗೆ ಈ ಕ್ಷಮೆ ಸಲ್ಲದೆಂದು ಅದರಲ್ಲಿಯೇ ಬರೆದಿತ್ತು. ಅವನು ಯಾವ ಪಕ್ಷದ ಯಾದಿಯಲ್ಲಿಯೂ ಇರಲಿಲ್ಲ, ಯಾವ ಸಭೆಯಲ್ಲಿಯೂ ಭಾಷಣ ಮಾಡಿರಲಿಲ್ಲ. ಬಂದೂಕನ್ನು ಕೆಳಗಿಳಿಸಿದ್ದ, ಅಷ್ಟೇ. 1937ರಲ್ಲಿ ಅವನ ತವರು ಪ್ರಾಂತದಲ್ಲಿ ಕಾಂಗ್ರೆಸ್ಸಿನ ಮಂತ್ರಿಮಂಡಲವಾಯಿತು, ಕಾಕೋರಿಯವರು ಹೊರಗೆ ಬಂದರು, 1938ರಲ್ಲಿ ಉಳಿದವರಿಗಾಗಿ ರಾಜೀನಾಮೆಗಳೂ ಆದವು. ಸೈನಿಕ ನ್ಯಾಯಾಲಯದ ಶಿಕ್ಷೆಯು ಪ್ರಾಂತದ ಮಂತ್ರಿಗಳ ಕೈಯೊಳಗಿನದಲ್ಲವೆಂದು ಕಾಯದೆ ಬಲ್ಲವರು ಹೇಳುವರು, ಇರಬಹುದು. ಚಂದ್ರಸಿಂಹನು ಹೊರಗೆ ಬಂದದ್ದು 1941ರಲ್ಲಿ. ಆಗ ಲಖನೌದಲ್ಲಿ ಮಂತ್ರಿಮಂಡಲವೇ ಇರಲಿಲ್ಲ.