ಓಟ ಬೇರೆ, ಜೂಜು ಬೇರೆ

ಕುದುರೆ ರೇಸ್ ಎಂದರೆ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಜೂಜು. ಓಟವನ್ನೂ ಜೂಜನ್ನೂ ಬಿಡಿಸಿ ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಮೂರು ವರ್ಷದ ಕುದುರೆಗಳ ಓಟಗಳಲ್ಲಿ ಬಹಳ ಹೆಸರಾದದ್ದು ಇಂಗ್ಲೆಂಡಿನ ಎಪ್ಸಮ್ ಡರ್ಬಿ. ಅದು 1780ರಲ್ಲಿ ಶುರುವಾಯಿತು. ಮೊದಲ ವರ್ಷ ಗೆದ್ದದ್ದು ಡಯೋಮೆಡ್ ಎಂಬ ಕುದುರೆ. ಬೆಂಗಳೂರು, ಮುಂಬೈ ಡರ್ಬಿಗಳ ಹೆಸರು ಬಂದದ್ದು ಅಲ್ಲಿಂದಲೇ. ಆದರೆ ಅಲ್ಲಿ ಓಡುವ ಥರೋಬ್ರೆಡ್ ತಳಿಯ ಮೂಲಪುರುಷರು ಮೂರು ಪೂರ್ವದೇಶದ ಕುದುರೆಗಳು. ಅವುಗಳಲ್ಲಿ ಒಂದಾದ ಡಾರ್ಲಿ ಅರೇಬಿಯನ್, 1704ರಲ್ಲಿ ಸಿರಿಯಾದ ಅಲೆಪ್ಪೊದಿಂದ ಇಂಗ್ಲೆಂಡಿಗೆ ಹೋಯಿತು.

ಕುದುರೆಯ ಚರಿತ್ರೆ ನಮ್ಮ ನೆಲದಲ್ಲೂ ಇದೆ. ನಮ್ಮ ಜಿಲ್ಲೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರ್ ಅಲಿಯ ದೊಡ್ಡ ಬಲವೇ ಕುದುರೆ ದಳ. ಮಗ ಟಿಪ್ಪು ಸುಲ್ತಾನ್ ಸೇನೆಗಾಗಿ ಕುಣಿಗಲ್‌ನಲ್ಲಿ ಕುದುರೆ ಸಾಕಿಸಿದರು. ಮುಂದೆ ಅಲ್ಲೇ ರೇಸ್ ಕುದುರೆಗಳು ಬೆಳೆದವು.

ಪ್ರವಾದಿ ಮುಹಮ್ಮದ್(ಸ) ಮದೀನಾದಲ್ಲಿ ಕುದುರೆ ಓಟ ನಡೆಸಿದ್ದನ್ನು ಬುಖಾರಿ ಹದೀಸ್ ಸಂಗ್ರಹ ಹೇಳುತ್ತದೆ. ಜೂಜನ್ನು ಕುರ್‌ಆನ್ ನಿಷೇಧಿಸುತ್ತದೆ. ಹಾಗಾಗಿ ನಮ್ಮ ತಕರಾರು ಕುದುರೆಯ ಮೇಲಲ್ಲ.

‘ರೇಸ್ ಕೌಶಲದ ಆಟ ಎಂದು 1996ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆಯಲ್ಲ’ ಎಂದು ಕೆಲವರು ಕೇಳುತ್ತಾರೆ. ನಿಜ, ಹೇಳಿದೆ. ಕುದುರೆಯ ತಳಿ, ಹಿಂದಿನ ಓಟಗಳು, ಜಾಕಿಯ ಅನುಭವ ಇವನ್ನೆಲ್ಲ ಓದಿ ಅಂದಾಜು ಮಾಡುವವರು ಇದ್ದಾರೆ. ಆದರೆ ಲೆಕ್ಕವನ್ನೂ ನೋಡೋಣ. ರೇಸ್‌ಕೋರ್ಸಿನ ಟೋಟ್‌ನಲ್ಲಿ ಎಲ್ಲರ ಟಿಕೆಟ್ ಹಣವನ್ನು ಒಟ್ಟುಗೂಡಿಸುತ್ತಾರೆ. ಅದರಿಂದ ಕ್ಲಬ್ಬಿನ ಪಾಲು, ತೆರಿಗೆ ಕಳೆದು, ಉಳಿದದ್ದನ್ನು ಗೆದ್ದವರಿಗೆ ಹಂಚುತ್ತಾರೆ. ಅಂದರೆ ನೂರು ರೂಪಾಯಿ ಒಳಗೆ ಹೋದರೆ ನೂರು ರೂಪಾಯಿ ಹೊರಗೆ ಬರುವುದಿಲ್ಲ. ಒಬ್ಬಿಬ್ಬರು ಗೆಲ್ಲಬಹುದು, ಆಡಿದವರೆಲ್ಲರ ಲೆಕ್ಕ ಕೂಡಿದರೆ ಉಳಿಯುವುದು ನಷ್ಟವೇ.

ಈಗ ಜೂಜಿಗೆ ಬೆಂಗಳೂರಿನ ರೈಲು ಹತ್ತಬೇಕಿಲ್ಲ, ಕೈಯಲ್ಲಿರುವ ಫೋನ್ ಸಾಕು. ಕ್ರಿಕೆಟ್ ಮೇಲೆ ಹಣ ಕಟ್ಟಿಸಿಕೊಳ್ಳುವವರೂ ತಮ್ಮ ಪಾಲನ್ನು ಮೊದಲೇ ತೆಗೆದಿಟ್ಟುಕೊಂಡಿರುತ್ತಾರೆ. ಅಲ್ಲಿ ಕರಗುವುದು ಯಾರ ದುಡ್ಡು? ಶ್ರೀನಿವಾಸಪುರದ ಮಾವಿನ ದುಡ್ಡು, ಮಾಲೂರಿನ ಇಟ್ಟಿಗೆ ಗೂಡಿನ ಕೂಲಿ, ಮುಳಬಾಗಿಲಿನ ಹಾಲಿನ ಬಿಲ್ಲು, ಕೋಲಾರದ ಟೊಮ್ಯಾಟೊ ಮಂಡಿಯಲ್ಲಿ ಅಪ್ಪ ಮೂಟೆ ಹೊತ್ತು ತಂದದ್ದು.

‘ಜೂಜು ಹರಾಮ್’ ಎಂದು ನಮಗೆ ಚಿಕ್ಕಂದಿನಿಂದ ಹೇಳಿದ್ದಾರೆ. ಜೊತೆಗೆ ಈ ಲೆಕ್ಕವನ್ನೂ ಒಂದು ದಿನ ನಮ್ಮ ಗಣಿತ, ಕಾಮರ್ಸ್ ತರಗತಿಗಳಲ್ಲಿ ಬೋರ್ಡಿನ ಮೇಲೆ ಮಾಡಿ ತೋರಿಸಬೇಕೆಂದು ಉಪನ್ಯಾಸಕರಲ್ಲಿ ನನ್ನ ವಿನಂತಿ. ಕಣ್ಣಾರೆ ಕಂಡ ಲೆಕ್ಕವನ್ನು ಯಾರೂ ಬೇಗ ಮರೆಯುವುದಿಲ್ಲ.