ಸುರಪುರದ ಅರಸನ ಕೊನೆಯ ಮೂರು ತಿಂಗಳು

ಬ್ರಿಟಿಷರ ವಿರುದ್ಧ 1858ರ ಫೆಬ್ರವರಿ 8ರಂದು ನಡೆದ ಕಾಳಗವನ್ನು ಸುರಪುರದ ಸುತ್ತಲಿನ ಸಗರನಾಡಿನವರಿಗೆ ಹೊಸದಾಗಿ ಹೇಳಬೇಕಿಲ್ಲ. ಹಿಂದಿನ ರಾತ್ರಿ ಸುರಪುರದ ಪಡೆ ಕ್ಯಾಪ್ಟನ್ ವಿಂಡ್‌ಹ್ಯಾಮನ ಪಾಳೆಯದ ಮೇಲೆ ಬಿದ್ದದ್ದು, ಬೆಳಗಾದ ಮೇಲೆ ಕ್ಯಾಪ್ಟನ್ ನ್ಯೂಬೆರಿ ಸತ್ತದ್ದು ನಮ್ಮ ಭಾಷಣಗಳಲ್ಲಿ ಬರುತ್ತಲೇ ಇರುತ್ತದೆ. ಅಲ್ಲಿಂದ ಮಾತು ನೇರ ‘ಹುತಾತ್ಮ’ ಎನ್ನುವಲ್ಲಿಗೆ ಜಿಗಿಯುತ್ತದೆ. ಆದರೆ ಸುರಪುರದ ಅರಸ ರಾಜಾ ವೆಂಕಟಪ್ಪ ನಾಯಕ ಕಾಳಗದಲ್ಲಿ ಸಾಯಲಿಲ್ಲ. ಅವನು ಸತ್ತದ್ದು ಮೇ 11ರಂದು, 24ರ ಹರೆಯದಲ್ಲಿ, ಬ್ರಿಟಿಷರ ಸೆರೆಯಾಳಾಗಿ. ನಡುವಿನ ಮೂರು ತಿಂಗಳನ್ನು ನಾವು ಯಾಕೆ ದಾಟಿಕೊಂಡು ಹೋಗುತ್ತೇವೆ?

ಸೋಲು ಹೇಳಲು ಮುಜುಗರ ಇರಬಹುದು. ನನಗಂತೂ ಅವನ ಎದೆಗಾರಿಕೆ ಕಾಣುವುದು ಆ ಮೂರು ತಿಂಗಳಲ್ಲೇ.

ಸೋತ ರಾತ್ರಿ ಕೆಲವೇ ಜನರೊಂದಿಗೆ ಸುರಪುರ ಬಿಟ್ಟು ಹೈದರಾಬಾದ್ ಸೇರಿದ ಹುಡುಗ ಅಲ್ಲಿ ಸಿಕ್ಕಿಬಿದ್ದ. ನಿಜಾಮನ ದಿವಾನ ಸಾಲಾರ್ ಜಂಗ್ ಅವನನ್ನು ಬ್ರಿಟಿಷ್ ರೆಸಿಡೆಂಟ್ ಡೇವಿಡ್‌ಸನ್ನನಿಗೆ ಒಪ್ಪಿಸಿದ. ಸೆರೆಯಲ್ಲಿ ನೋಡಲು ಬಂದವನು ಮೆಡೋಸ್ ಟೇಲರ್. 1841ರಲ್ಲಿ ತಂದೆ ಕೃಷ್ಣಪ್ಪ ನಾಯಕ ತೀರಿಕೊಂಡಾಗ ವೆಂಕಟಪ್ಪ ಏಳೆಂಟು ವರ್ಷದ ಮಗು. ಆಗಿನಿಂದ 1853ರವರೆಗೆ ಸಂಸ್ಥಾನದ ಆಡಳಿತ ನೋಡಿಕೊಂಡ ಈ ಇಂಗ್ಲಿಷ್ ಅಧಿಕಾರಿಯನ್ನು ಅವನು ಕರೆಯುತ್ತಿದ್ದದ್ದು ‘ಅಪ್ಪಾ’ ಎಂದು. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಇವನದೇ.

ಆ ಭೇಟಿಯನ್ನು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಬಂಡಾಯಕ್ಕೆ ಕುಮ್ಮಕ್ಕು ಕೊಟ್ಟವರು ಯಾರು ಎಂದು ಕೇಳಿದರೆ ಹುಡುಗ ಒಂದು ಹೆಸರನ್ನೂ ಬಾಯಿಬಿಡಲಿಲ್ಲ. ರೆಸಿಡೆಂಟನ ಮುಂದೆ ನಿಂತು ಜೀವ ಬೇಡಲು ಒಪ್ಪಲಿಲ್ಲ. ಕಳ್ಳನಂತೆ ನೇಣಿಗೆ ಹಾಕಬೇಡಿ, ಬೇಕಾದರೆ ತೋಪಿನ ಬಾಯಿಗೆ ಕಟ್ಟಿ ಎಂದ. ಸೆರೆಮನೆ ಸಾವಿಗಿಂತ ಕಡೆ, ಬೇಡರ ಬಡವನೂ ಅದರೊಳಗೆ ಬದುಕಲಾರ ಎಂದ. ಜೊತೆಗಿದ್ದವರನ್ನು ಹಿಡಿದುಕೊಟ್ಟರೆ ತಲೆ ಉಳಿದೀತು ಎಂಬುದು ಗೊತ್ತಿದ್ದೂ ಸುಮ್ಮನಿದ್ದ ಆ ಬಾಯಿಯ ಬಗ್ಗೆ ಶಹಾಪುರ, ಯಾದಗಿರಿಯ ಶಾಲೆಗಳಲ್ಲಿ ಒಂದು ಪಾಠ ನಡೆದರೆ ಎಷ್ಟು ಚೆನ್ನ!

ಮರಣದಂಡನೆ ತಪ್ಪಿತು. ಗವರ್ನರ್ ಜನರಲ್ ಶಿಕ್ಷೆಯನ್ನು ನಾಲ್ಕು ವರ್ಷಕ್ಕೆ ಇಳಿಸಿದ. ಮದ್ರಾಸಿನ ಹತ್ತಿರದ ಚೆಂಗಲ್ಪಟ್ಟು ಕೋಟೆಯಲ್ಲಿ ಸೆರೆ. ನಡತೆ ಸರಿಯಿದ್ದರೆ ಸಂಸ್ಥಾನ ವಾಪಸ್ಸು. ಅಂದರೆ ಊರಿಗೆ ಮರಳುವ ದಾರಿ ಇತ್ತು. ಆದರೆ ಚೆಂಗಲ್ಪಟ್ಟಿನ ಪ್ರಯಾಣ ಮುಗಿಯುವ ಮೊದಲೇ ಜೀವ ಹೋಯಿತು. ಕಾವಲಿನ ಅಧಿಕಾರಿ ರಿವಾಲ್ವರ್ ಇದ್ದ ಬೆಲ್ಟು ಬಿಚ್ಚಿಟ್ಟು ಕ್ಷಣ ಆಚೆ ಸರಿದಾಗ ಗುಂಡಿನ ಸದ್ದಾಯಿತು ಎಂಬುದು ಟೇಲರ್ ಕೊಟ್ಟ ವಿವರ. ಬೇಕೆಂದೇ ಹೊಡೆದುಕೊಂಡನೇ, ಕೈತಪ್ಪಿ ಸಿಡಿಯಿತೇ, ಕೊಂದರೇ? ಸೆರೆಯಾಳಿನ ಕೈಗೆ ಎಟಕುವಂತೆ ತುಂಬಿದ ರಿವಾಲ್ವರ್ ಬಿಟ್ಟು ಹೋದದ್ದು ಹೇಗೆ ಎಂದು ಕೇಳುವ ಹಕ್ಕು ನಮಗಿದೆ. ಟೇಲರ್ ಹುಡುಗನನ್ನು ಪ್ರೀತಿಸಿದ್ದ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಗುಂಡು ಹಾರಿದಾಗ ಅವನು ಅಲ್ಲಿರಲಿಲ್ಲ. ಅವನ ಆತ್ಮಕಥೆ ಅಚ್ಚಾದದ್ದೂ 1877ರಲ್ಲಿ, ಅವನೇ ತೀರಿಕೊಂಡ ಮೇಲೆ. 24ನೇ ವರ್ಷಕ್ಕೆ ಅರಸನಿಗೆ ಸಾವು ಎಂದು ಜಾತಕ ಮೊದಲೇ ಹೇಳಿತ್ತೆಂಬ ಕಥೆಯೂ ಅದರಲ್ಲೇ ಇದೆ. ಕೇಳಲು ರೋಚಕ, ಆದರೆ ಜಾತಕದ ಮೇಲೆ ಭಾರ ಹಾಕಿದರೆ ಕಾವಲಿಟ್ಟವರು ಉತ್ತರ ಕೊಡುವುದು ತಪ್ಪುತ್ತದೆ.

ಅದೇ ವರ್ಷದ ಜೂನ್‌ನಲ್ಲಿ, ಬ್ರಿಟಿಷರ ವಿರುದ್ಧ ಬಂಡೆದ್ದಿದ್ದ ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಕಾದಾಡಿ ಬಿದ್ದ. ಅವನಂತೆಯೇ ಬಂಡೆದ್ದಿದ್ದ ನರಗುಂದದ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅವರಿಬ್ಬರ ಸಾವು ಹೇಗಾಯಿತೆಂದು ಎಲ್ಲರೂ ತಡವರಿಸದೆ ಹೇಳುತ್ತಾರೆ. ನಮ್ಮ ಅರಸನ ಸಾವು ಮಾತ್ರ ಇಂದಿಗೂ ತಕರಾರು. ಸಂಸ್ಥಾನವೂ ಉಳಿಯಲಿಲ್ಲ. 1860ರ ಒಪ್ಪಂದದಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಕೊಟ್ಟರು.

2016ರ ಫೆಬ್ರವರಿ ನೆನಪಿರಬೇಕು. ಸಿಯಾಚಿನ್ ಹಿಮದಡಿ ಆರು ದಿನ ಹೂತುಹೋಗಿ ಜೀವಂತ ಸಿಕ್ಕ ಧಾರವಾಡ ಜಿಲ್ಲೆಯ ಯೋಧ ಹನುಮಂತಪ್ಪ ಕೊಪ್ಪದ ಮೂರೇ ದಿನಕ್ಕೆ ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಮೂರು ದಿನ ಇಡೀ ನಾಡು ವೈದ್ಯರ ಒಂದೊಂದು ಮಾತಿಗೂ ಕಾದಿತ್ತು. ಸಾವಿನ ದವಡೆಯಿಂದ ಪಾರಾಗಿ ಬಂದವನ ಕೊನೆಯ ದಿನಗಳಿಗೆ ಅಷ್ಟು ಲಕ್ಷ್ಯ ಕೊಡುವ ಜನ ನಾವು. ವೆಂಕಟಪ್ಪ ನಾಯಕನ ಕೊನೆಯ ದಿನಗಳಿಗೂ ಅಷ್ಟೇ ಲಕ್ಷ್ಯ ಕೊಡೋಣ.

ಹೈದರಾಬಾದ್ ರೆಸಿಡೆನ್ಸಿಯ ಕಡತಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಯಾದಗಿರಿ ಜಿಲ್ಲಾಡಳಿತ ಇಬ್ಬರು ಸಂಶೋಧಕರನ್ನು ಅಲ್ಲಿಗೆ ಕಳಿಸಲಿ. 1858ರ ಫೆಬ್ರವರಿಯಿಂದ ಮೇವರೆಗಿನ ಪತ್ರಗಳಲ್ಲಿ ಸುರಪುರದ ಬಗ್ಗೆ ಏನೇನಿದೆಯೋ ಅಷ್ಟನ್ನೂ ನಕಲು ಮಾಡಿಸಿ, ಕನ್ನಡಕ್ಕೆ ತರಿಸಿ ಅಚ್ಚು ಹಾಕಿಸಲಿ. ಸುರಪುರದ ಮನೆಮನೆಯ ಹಿರಿಯರು ಹೇಳುವುದನ್ನೂ ಜೊತೆಗೆ ಬರೆದುಕೊಳ್ಳಲಿ. ಮುಂದಿನ ಮೇ 11ರೊಳಗೆ ಈ ಕೆಲಸ ಶುರುವಾಗಬೇಕು.