ಪ್ರಮಾಣಪತ್ರವು ರಕ್ತವನ್ನು ತಡೆಯದು

ವೇದಿಕೆಯ ಮೇಲೆ ಒಂಬತ್ತು ಕುರ್ಚಿಗಳು. ಒಂಬತ್ತೂ ಭರ್ತಿ. ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಮುಖ್ಯ ಅತಿಥಿಗಳ ನುಡಿ, ಅಧ್ಯಕ್ಷೀಯ ಭಾಷಣ, ಸ್ಮರಣಿಕೆ, ಧನ್ಯವಾದ ಎಲ್ಲವೂ ಮುಗಿಯುವಾಗ ಗಂಟೆ ಹನ್ನೆರಡೂ ಕಾಲು. ಪ್ರಥಮ ಚಿಕಿತ್ಸೆ ಕಲಿಯಲು ಬಂದಿದ್ದ ಸುಮಾರು ನೂರೈವತ್ತು ವಿದ್ಯಾರ್ಥಿಗಳ ಮುಂದೆ ಇದ್ದದ್ದು ಒಂದೇ ಒಂದು ರಬ್ಬರ್ ಬೊಂಬೆ. ತರಬೇತುದಾರರು ಅದರ ಎದೆಯನ್ನು ಒತ್ತಿ ತೋರಿಸಿದರು. ಮುಂದಿನ ಸಾಲಿನ ನಾಲ್ವರು ಹುಡುಗರು ಒಬ್ಬರ ಹಿಂದೆ ಒಬ್ಬರಂತೆ ಬಂದು ಒತ್ತಿದರು. ಫೋಟೋ ತೆಗೆಯಲಾಯಿತು. ಸಭಾಂಗಣದ ಎಡಬದಿಯಲ್ಲಿ ಕೂತಿದ್ದ ವಿದ್ಯಾರ್ಥಿನಿಯರಲ್ಲಿ ಒಬ್ಬಳೂ ಬೊಂಬೆಯ ಬಳಿಗೆ ಬರಲಿಲ್ಲ. ಅವರನ್ನು ಯಾರೂ ಕರೆಯಲೂ ಇಲ್ಲ. ಒಂದೂವರೆಗೆ ಬಿರಿಯಾನಿ. ಮೂರು ಗಂಟೆಗೆ ಎಲ್ಲರ ಕೈಯಲ್ಲೂ ಪ್ರಮಾಣಪತ್ರ.

ಆಹ್ವಾನಿತರಾಗಿ ನಾವೂ ಅಲ್ಲಿದ್ದೆವು. ಆ ಶಿಬಿರದ ವರದಿಯನ್ನು ‘ಯಶಸ್ವಿ ತರಬೇತಿ’ ಎಂದೇ ಬರೆದೆವು ಎಂಬುದನ್ನು ಮೊದಲಾಗಿ ಒಪ್ಪಿಕೊಳ್ಳುತ್ತೇವೆ. ಆದರೆ ಅಂದಿನಿಂದ ಒಂದು ಪ್ರಶ್ನೆ ನಮ್ಮನ್ನು ಬಿಡುತ್ತಿಲ್ಲ. ಆ ಒಂಬತ್ತು ಗಣ್ಯರಲ್ಲಿ ಒಬ್ಬರು ಬಿರಿಯಾನಿಯ ಹೊತ್ತಿಗೆ ಎದೆ ಹಿಡಿದು ಕುಸಿದು ಬಿದ್ದಿದ್ದರೆ, ಪ್ರಮಾಣಪತ್ರ ಪಡೆಯಲಿದ್ದ ಆ ನೂರೈವತ್ತು ಮಂದಿಯಲ್ಲಿ ಎಷ್ಟು ಮಂದಿ ಮಂಡಿಯೂರಿ ಕೂರುತ್ತಿದ್ದರು? ಎಷ್ಟು ಮಂದಿ ಮೊಬೈಲ್ ತೆಗೆಯುತ್ತಿದ್ದರು?

ಮೊಬೈಲ್ ಎಂದೊಡನೆ ಕೊಪ್ಪಳ ನೆನಪಾಗುತ್ತದೆ. 2017ರ ಫೆಬ್ರವರಿಯಲ್ಲಿ ಅಲ್ಲಿ ಸೈಕಲ್‌ನಲ್ಲಿ ಹೋಗುತ್ತಿದ್ದ ಹುಡುಗನೊಬ್ಬ ಬಸ್ಸಿಗೆ ಸಿಲುಕಿ ರಸ್ತೆಯಲ್ಲಿ ಬಿದ್ದ. ರಕ್ತ ಹರಿಯುತ್ತಿತ್ತು. ಆತ ಸಹಾಯಕ್ಕಾಗಿ ಕೈಚಾಚುತ್ತಿದ್ದ. ಸುತ್ತ ನೆರೆದಿದ್ದವರು ವೀಡಿಯೋ ಮಾಡುತ್ತಿದ್ದರು. ಆತ ಬದುಕಲಿಲ್ಲ. ಆಗ ದೇಶದ ಪತ್ರಿಕೆಗಳೆಲ್ಲ ಮಾನವೀಯತೆ ಸತ್ತಿದೆ ಎಂದು ಬರೆದವು. ಆ ಸಿಟ್ಟು ತಪ್ಪಲ್ಲ. ಆದರೆ ಅದು ಅರ್ಧ ಸತ್ಯ ಮಾತ್ರ. ಆ ಗುಂಪಿನಲ್ಲಿದ್ದ ಎಲ್ಲರೂ ಕಟುಕರಾಗಿದ್ದರೆಂದು ನಂಬಲು ನಮಗೆ ಸಾಧ್ಯವಿಲ್ಲ. ಕೈಗೆ ಏನು ಮಾಡಬೇಕೆಂದು ತಿಳಿಯದಿದ್ದಾಗ ಅದು ತನಗೆ ತಿಳಿದಿರುವುದನ್ನು ಮಾಡುತ್ತದೆ. ನಮ್ಮ ಕಾಲದ ಕೈಗೆ ತಿಳಿದಿರುವುದು ಮೊಬೈಲ್. ಗಾಯದ ಮೇಲೆ ಶುಭ್ರವಾದ ಬಟ್ಟೆಯನ್ನಿಟ್ಟು ಅಂಗೈಯಿಂದ ಬಲವಾಗಿ ಒತ್ತಿ ಹಿಡಿಯಬೇಕು, ಬಟ್ಟೆ ತೋಯ್ದರೆ ಅದನ್ನು ಕಿತ್ತೆಸೆಯದೆ ಮೇಲೊಂದು ಬಟ್ಟೆಯನ್ನಿಟ್ಟು ಇನ್ನಷ್ಟು ಒತ್ತಬೇಕು ಎಂಬ ಎರಡು ಸಾಲಿನ ಪಾಠ ಆ ಗುಂಪಿನಲ್ಲಿ ಒಬ್ಬನಿಗೆ ಗೊತ್ತಿದ್ದರೆ ಆ ಹುಡುಗ ಉಳಿಯುತ್ತಿದ್ದನೇ? ಹೇಳಲು ನಾವು ವೈದ್ಯರಲ್ಲ. ಆದರೆ ಆತ ಒಂಟಿಯಾಗಿಯಂತೂ ಇರುತ್ತಿರಲಿಲ್ಲ.

ಪೊಲೀಸು, ಕೋರ್ಟು, ಸಾಕ್ಷಿಯ ಅಲೆದಾಟ ಎಂಬ ಹಳೆಯ ನೆಪಕ್ಕೆ ಈಗ ಬೆಲೆಯಿಲ್ಲ. ಅಪಘಾತದ ಗಾಯಾಳುವಿಗೆ ಮೊದಲು ಚಿಕಿತ್ಸೆ, ಕಾನೂನಿನ ವಿಧಿವಿಧಾನಗಳು ಆಮೇಲೆ ಎಂದು ಸುಪ್ರೀಮ್ ಕೋರ್ಟು 1989ರಲ್ಲೇ ಹೇಳಿದೆ. ನೆರವಿಗೆ ಬಂದವರನ್ನು ಸತಾಯಿಸಬಾರದೆಂಬ ಮಾರ್ಗಸೂಚಿಗೆ 2016ರ ಮಾರ್ಚ್‌ನಲ್ಲಿ ಅದೇ ನ್ಯಾಯಾಲಯ ಕಾನೂನಿನ ಬಲ ನೀಡಿತು. ಕರ್ನಾಟಕವು ಇದಕ್ಕೆಂದೇ ಪ್ರತ್ಯೇಕ ಕಾನೂನನ್ನು ರಚಿಸಿತು. 2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಕಾಯ್ದೆಯಲ್ಲೂ ಈ ರಕ್ಷಣೆ ಇದೆ. ಕಾನೂನು ತನ್ನ ಕೆಲಸ ಮಾಡಿದೆ. 2022ರ ಒಂದೇ ವರ್ಷದಲ್ಲಿ ಈ ದೇಶದ ರಸ್ತೆಗಳು 1,68,491 ಮಂದಿಯನ್ನು ಬಲಿ ಪಡೆದುವು ಎಂಬುದು ಕೇಂದ್ರ ಸರಕಾರದ್ದೇ ಲೆಕ್ಕ. ಇನ್ನು ನಾವು ಯಾರ ಅಪ್ಪಣೆಗಾಗಿ ಕಾಯುತ್ತಿದ್ದೇವೆ?

ನಮ್ಮ ಸಮುದಾಯದ ಯುವಕರನ್ನು ಹೃದಯವಿಲ್ಲದವರೆಂದು ಯಾರೂ ಹೇಳಲಾರರು. ರಕ್ತದಾನ ಶಿಬಿರಗಳಿಗೆ ಅವರು ಸಾಲುಗಟ್ಟುತ್ತಾರೆ. 2020 ಮತ್ತು 21ರ ಕೋವಿಡ್ ದಿನಗಳಲ್ಲಿ ಸ್ವಂತ ಮಕ್ಕಳೇ ಮುಟ್ಟಲು ಅಂಜಿದ ಶವಗಳನ್ನು ಜಾತಿ ಧರ್ಮ ನೋಡದೆ ಹೊತ್ತಿದ್ದಾರೆ. ಊರೂರುಗಳಲ್ಲಿ ಸಂಘಗಳು ಅಂಬುಲೆನ್ಸ್ ಖರೀದಿಸಿವೆ. ಅದರ ಎರಡೂ ಮಗ್ಗುಲಲ್ಲಿ ಸಂಘದ ಹೆಸರು, ಹಿಂಭಾಗದಲ್ಲಿ ದಾನಿಗಳ ಹೆಸರು. ಒಳ್ಳೆಯದೇ. ಆದರೆ ಅಂಬುಲೆನ್ಸ್ ಬರುವ ಮೊದಲಿನ ನಿಮಿಷಗಳು ಯಾರದ್ದು? ಹೃದಯ ನಿಂತರೆ ನಾಲ್ಕರಿಂದ ಆರು ನಿಮಿಷಗಳೊಳಗೆ ಮೆದುಳಿಗೆ ಹಾನಿ ಆರಂಭವಾಗುತ್ತದೆ. 108ಕ್ಕೆ ಕರೆ ಮಾಡಿ, ವಿಳಾಸ ತಿಳಿಸಿ, ‘ಮಸೀದಿಯ ಎದುರಿನ ಗಲ್ಲಿ, ಅಲ್ಲ, ಹಿಂದಿನ ಗಲ್ಲಿ’ ಎಂದು ದಾರಿ ಹೇಳುವಷ್ಟರಲ್ಲೇ ಅದರಲ್ಲಿ ಅರ್ಧ ಮುಗಿದಿರುತ್ತದೆ. ಆ ನಿಮಿಷಗಳು ವೈದ್ಯರದ್ದಲ್ಲ, ಚಾಲಕರದ್ದೂ ಅಲ್ಲ. ಪಕ್ಕದಲ್ಲಿದ್ದವರದ್ದು. ಲಕ್ಷಾಂತರ ರೂಪಾಯಿಯ ವಾಹನವನ್ನು ಕೊಂಡ ನಾವು ಆ ನಿಮಿಷಗಳಿಗಾಗಿ ಏನನ್ನೂ ಕೊಂಡಿಲ್ಲ.

ಪಕ್ಕದಲ್ಲಿರುವವರು ಹೆಚ್ಚಾಗಿ ಯಾರು? ರಸ್ತೆಯ ಮಾತು ಬಿಡಿ, ಮನೆಗೆ ಬನ್ನಿ. ಕುದಿಯುವ ಗಂಜಿಯ ಪಾತ್ರೆ ಮಗುವಿನ ಮೈಮೇಲೆ ಮಗುಚುತ್ತದೆ. ಕೂಡಲೇ ಒಬ್ಬರು ಟೂತ್‌ಪೇಸ್ಟ್ ತರುತ್ತಾರೆ, ಇನ್ನೊಬ್ಬರು ಅರಿಶಿನ, ಮತ್ತೊಬ್ಬರು ತುಪ್ಪ. ನಲ್ಲಿಯ ನೀರನ್ನು ಯಾರೂ ನೆನೆಯುವುದಿಲ್ಲ. ಸುಟ್ಟ ಭಾಗದ ಮೇಲೆ ಇಪ್ಪತ್ತು ನಿಮಿಷಗಳ ಕಾಲ ತಣ್ಣನೆಯ ನೀರನ್ನು ಹರಿಯಬಿಡಬೇಕು, ಅಷ್ಟೇ. ಮಂಜುಗಡ್ಡೆಯೂ ಬೇಡ. ಆಸ್ಪತ್ರೆಯಲ್ಲಿ ದಾದಿಯರು ಮಾಡಬೇಕಾದ ಮೊದಲ ಕೆಲಸ ನಾವು ಪ್ರೀತಿಯಿಂದ ಬಳಿದದ್ದನ್ನು ಕೆರೆದು ತೆಗೆಯುವುದು, ಮಗು ಚೀರುತ್ತಿರುವಾಗಲೇ. ಅಪಸ್ಮಾರದಿಂದ ಬಿದ್ದವರ ಕೈಗೆ ಬೀಗದ ಕೈ ತುರುಕುತ್ತೇವೆ, ಹಲ್ಲುಗಳ ನಡುವೆ ಚಮಚ ಇಡುತ್ತೇವೆ, ಮೂಗಿಗೆ ಈರುಳ್ಳಿ ಹಿಡಿಯುತ್ತೇವೆ. ಮಾಡಬೇಕಾದುದಾದರೋ ಬಹಳ ಕಡಿಮೆ: ತಲೆಯಡಿಗೆ ಮೆತ್ತಗಿನದ್ದೇನಾದರೂ ಇಟ್ಟು, ನಡುಕ ನಿಂತೊಡನೆ ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡುವುದು, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ. ಹಾವು ಕಡಿದ ಕಾಲಿಗೆ ಹಗ್ಗ ಬಿಗಿದು, ಬ್ಲೇಡಿನಿಂದ ಗೀರಿ, ಬಾಯಿಂದ ಹೀರುವವರು ಇಂದಿಗೂ ಇದ್ದಾರೆ. ಕರ್ನಾಟಕ ಸರಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಆದರೆ ಕಡಿತಕ್ಕೊಳಗಾದ ಕಾಲನ್ನು ಅಲುಗಾಡಿಸದೆ, ಗಾಯಾಳುವನ್ನು ನಡೆಸದೆ, ವಿಷನಿರೋಧಕ ಔಷಧಿ ಇರುವ ಆಸ್ಪತ್ರೆಗೆ ನೇರವಾಗಿ ಒಯ್ಯಬೇಕೆಂದು ಹತ್ತನೇ ತರಗತಿಯ ನಮ್ಮ ಮಗನಿಗೆ ಯಾರು ಹೇಳಿದ್ದಾರೆ?

ಇವಿಷ್ಟನ್ನು ಹೇಳಿದರೆ ಸಾಕೇ? ಸಾಲದು. ನಮ್ಮ ಆಕ್ಷೇಪ ಇರುವುದೇ ಇಲ್ಲಿ. ಪ್ರಥಮ ಚಿಕಿತ್ಸೆಯು ಭಾಷಣದ ವಿಷಯವಲ್ಲ, ಅದು ಈಜಿನಂತೆ ಶರೀರ ಕಲಿಯುವ ವಿದ್ಯೆ. ಎದೆಯ ಮಧ್ಯಭಾಗದಲ್ಲಿ ಕನಿಷ್ಠ ಐದು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರಂತೆ ಒತ್ತಬೇಕು ಎಂಬುದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಅಂಕ ಗಳಿಸಬಹುದು. ಆದರೆ ಐದು ಸೆಂಟಿಮೀಟರ್ ಎಂದರೆ ಎಷ್ಟು ಬಲ ಬೇಕು, ಎರಡು ನಿಮಿಷಗಳಲ್ಲಿ ತೋಳು ಹೇಗೆ ಸೋಲುತ್ತದೆ, ಇನ್ನೊಬ್ಬರು ಯಾವಾಗ ಕೈಯಿಕ್ಕಬೇಕು ಎಂಬುದು ಒತ್ತಿದವರಿಗೆ ಮಾತ್ರ ತಿಳಿಯುತ್ತದೆ. ಹೀಗೆ ಕಲಿತದ್ದೂ ಕೆಲವೇ ತಿಂಗಳುಗಳಲ್ಲಿ ಮಾಸತೊಡಗುತ್ತದೆ. ಹಾಗಿರುವಾಗ ಬೊಂಬೆಯನ್ನು ಮುಟ್ಟದವರಿಗೂ ‘ತರಬೇತಿ ಹೊಂದಿದ್ದಾರೆ’ ಎಂದು ಮೊಹರು ಒತ್ತಿ ಕೊಡುವುದನ್ನು ಏನೆಂದು ಕರೆಯಬೇಕು? ನಾವು ಮೋಸ ಎನ್ನುತ್ತೇವೆ. ಮೋಸ ಹೋಗುವವನು ವಿದ್ಯಾರ್ಥಿಯಲ್ಲ. ಎಂದೋ ಒಂದು ದಿನ ಅವನೆದುರು ಬೀಳಲಿರುವ ಅಪರಿಚಿತ.

ನಮ್ಮ ನಾಡಿನಲ್ಲಿ ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರವೆಂದರೆ ಹೆಚ್ಚಿನವರಿಗೆ ನೆನಪಾಗುವುದು ಬಸ್ ನಿರ್ವಾಹಕರ ಪರವಾನಿಗೆ. ಅರ್ಜಿಯೊಂದಿಗೆ ಲಗತ್ತಿಸುವ ಕಾಗದ. ಬಸ್ಸಿನಲ್ಲಿ ಚಾಲಕರ ಹಿಂದಿರುವ ಪ್ರಥಮ ಚಿಕಿತ್ಸಾ ಪೆಟ್ಟಿಗೆಯನ್ನು ನಾವೊಮ್ಮೆ ಕುತೂಹಲದಿಂದ ತೆರೆದು ನೋಡಿದ್ದೆವು. ಒಳಗಿದ್ದದ್ದು ಒಂದು ಬಾಚಣಿಗೆ. ನಗು ಬಂತು, ನಿಜ. ಆದರೆ ನಮ್ಮ ಕಾಲೇಜುಗಳು ಹಂಚುವ ಪ್ರಮಾಣಪತ್ರಗಳ ಒಳಗೇನಿದೆ ಎಂದು ತೆರೆದು ನೋಡಿದವರು ಯಾರು?

ಹೀಗೆಯೇ ಆಗಬೇಕೆಂದೇನಿಲ್ಲ. ನಾರ್ವೆಯ ಶಾಲೆಗಳು 1961ರಿಂದಲೇ ಇದನ್ನು ಮಕ್ಕಳಿಗೆ ಕಲಿಸುತ್ತಾ ಬಂದಿವೆ. ಡೆನ್ಮಾರ್ಕ್ 2005ರಲ್ಲಿ ಶಾಲೆಗಳಲ್ಲಿ, ಮರುವರ್ಷ ಚಾಲನಾ ಪರವಾನಿಗೆ ಬಯಸುವವರಿಗೆ ಈ ತರಬೇತಿಯನ್ನು ಕಡ್ಡಾಯಗೊಳಿಸಿತು. 2001ರಲ್ಲಿ ಅಲ್ಲಿ ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ಐವರಲ್ಲಿ ಒಬ್ಬರಿಗಷ್ಟೇ ಪಕ್ಕದಲ್ಲಿದ್ದವರಿಂದ ಸಿಪಿಆರ್ ಸಿಗುತ್ತಿತ್ತು. 2010ರ ಹೊತ್ತಿಗೆ ಸುಮಾರು ನೂರಕ್ಕೆ 45 ಮಂದಿಗೆ ಸಿಗತೊಡಗಿತು. ಒಂದು ತಿಂಗಳ ಬಳಿಕವೂ ಬದುಕಿದ್ದವರ ಪ್ರಮಾಣ ಅದೇ ಅವಧಿಯಲ್ಲಿ ಶೇಕಡಾ 3.5ರಿಂದ 10.8ಕ್ಕೇರಿತು. ಇದರ ಶ್ರೇಯಸ್ಸು ಪೂರ್ತಿಯಾಗಿ ಶಾಲೆಗಳದ್ದಲ್ಲ, ಅಂಬುಲೆನ್ಸ್ ಮತ್ತು ಆಸ್ಪತ್ರೆಗಳೂ ಸುಧಾರಿಸಿದ್ದವು. ಆದರೂ ಸಾಮಾನ್ಯರ ಕೈಗಳು ಆ ಲೆಕ್ಕದಲ್ಲಿವೆ.

ಇನ್ನು ಎಡಬದಿಯಲ್ಲಿ ಕೂತಿದ್ದ ಆ ವಿದ್ಯಾರ್ಥಿನಿಯರ ವಿಚಾರ. ಹೆಣ್ಣುಮಕ್ಕಳು ವೇದಿಕೆಯ ಮುಂದೆ ಬಂದು ಬೊಂಬೆಯನ್ನು ಒತ್ತುವುದು ಸರಿಯೆನಿಸಲಿಲ್ಲ ಎಂದು ಸಂಘಟಕರೊಬ್ಬರು ನಮ್ಮಲ್ಲಿ ಹೇಳಿದರು. ಸರಿ. ಹಾಗಾದರೆ ಪ್ರತ್ಯೇಕ ಕೊಠಡಿ ಇರಲಿಲ್ಲವೇ? ಊರಲ್ಲಿ ಒಬ್ಬ ದಾದಿಯೂ ಇರಲಿಲ್ಲವೇ? ಅಮೆರಿಕದಲ್ಲಿ ನಡೆದ ಅಧ್ಯಯನವೊಂದರಲ್ಲಿ, ಸಾರ್ವಜನಿಕ ಸ್ಥಳದಲ್ಲಿ ಹೃದಯ ನಿಂತು ಬಿದ್ದ ಪುರುಷರಲ್ಲಿ ಶೇಕಡಾ 45 ಮಂದಿಗೆ ಸಿಪಿಆರ್ ದೊರೆತರೆ ಮಹಿಳೆಯರಲ್ಲಿ 39 ಮಂದಿಗೆ ಮಾತ್ರ ದೊರೆತದ್ದು ಕಂಡುಬಂತು. ಅಪರಿಚಿತ ಮಹಿಳೆಯ ಎದೆ ಮುಟ್ಟಲು ಅಲ್ಲಿಯವರೇ ಅಂಜುತ್ತಾರೆಂದರೆ ನಮ್ಮ ಊರಿನ ಮದುವೆ ಹಾಲ್‌ನ ಮಹಿಳಾ ವಿಭಾಗದಲ್ಲಿ ನಮ್ಮ ತಾಯಿಯೋ ಅತ್ತೆಯೋ ಕುಸಿದು ಬಿದ್ದರೆ ಏನಾಗಬಹುದು? ಪುರುಷರು ಬಾಗಿಲಲ್ಲಿ ನಿಲ್ಲುತ್ತಾರೆ, ಒಳಗಿರುವ ಮಹಿಳೆಯರಿಗೆ ಯಾರೂ ಕಲಿಸಿಲ್ಲ. ಪ್ರಾಣ ಉಳಿಸುವ ಅನಿವಾರ್ಯ ಸಂದರ್ಭದಲ್ಲಿ ಸ್ಪರ್ಶದ ನಿಷೇಧ ಸಡಿಲವಾಗುತ್ತದೆಂದು ವಿದ್ವಾಂಸರು ಹೇಳಿಯೇ ಇದ್ದಾರೆ. ಅದನ್ನು ಮನವರಿಕೆ ಮಾಡಿಸುವುದು ಒಂದು ಕೆಲಸ. ಆ ಸಂದರ್ಭವೇ ಬಾರದಂತೆ ನಮ್ಮ ಹೆಣ್ಣುಮಕ್ಕಳನ್ನೇ ಸಿದ್ಧಗೊಳಿಸುವುದು ಇನ್ನೊಂದು. ಎರಡನ್ನೂ ನಾವು ಮಾಡುತ್ತಿಲ್ಲ.

ಲಜ್ಜೆಯ ಹೆಸರಲ್ಲಿ ಹುಡುಗಿಯರನ್ನು ಗೋಡೆಯ ಬದಿಗೆ ಕೂರಿಸುವವರು ರುಫೈದಾರನ್ನು ಓದಿಲ್ಲವೇ? ಖಂದಕ್ ಯುದ್ಧದಲ್ಲಿ ಬಾಣ ತಗುಲಿ ಗಾಯಗೊಂಡ ಸಅದ್ ಬಿನ್ ಮುಆದ್‌ರನ್ನು ಪ್ರವಾದಿ(ಸ)ರು ಕಳುಹಿಸಿದ್ದು ಈ ಮಹಿಳೆಯ ಡೇರೆಗೆ. ಆ ಡೇರೆ ಇದ್ದದ್ದು ಮಸೀದಿಯ ಆವರಣದಲ್ಲಿ. ಗಾಯಾಳುಗಳನ್ನು ಶುಶ್ರೂಷೆ ಮಾಡುವುದು ಆಕೆಗೆ ರೂಢಿಯಾಗಿತ್ತು. ಆಕೆಯ ಕೈಗೆ ಕೆಲಸ ಗೊತ್ತಿತ್ತು. ಒಂದು ಜೀವವನ್ನು ಉಳಿಸುವುದರ ಮಹತ್ವದ ಕುರಿತು ನಮ್ಮ ಪ್ರತಿ ಸಭೆಯಲ್ಲೂ ಮಾತುಗಳು ಕೇಳಿಬರುತ್ತವೆ, ಆ ದಿನದ ಒಂಬತ್ತು ಮಂದಿಯಲ್ಲೂ ಐವರು ಅದನ್ನೇ ಹೇಳಿದರು. ಬೊಂಬೆಯ ಪಾಲಿನ ಸಮಯ ಅದರಲ್ಲೇ ಕಳೆದುಹೋಯಿತು.

ಹೆತ್ತವರೂ ಇದರಿಂದ ತಪ್ಪಿಸಿಕೊಳ್ಳುವಂತಿಲ್ಲ. ಮಗ ವೈದ್ಯನಾಗಬೇಕೆಂದು ನೀಟ್ ಕೋಚಿಂಗ್‌ಗೆ ಸಾಲ ಮಾಡಿ ಸುರಿಯುತ್ತೇವೆ. ಅದೇ ಮಗ ಒಂದು ಶನಿವಾರ ಪ್ರಥಮ ಚಿಕಿತ್ಸೆಯ ಶಿಬಿರಕ್ಕೆ ಹೋಗುತ್ತೇನೆಂದರೆ ‘ಟ್ಯೂಷನ್ ತಪ್ಪುತ್ತದೆ’ ಎನ್ನುತ್ತೇವೆ. ಅಂಕ ಸಿಗುವುದಿಲ್ಲವೆಂದು ಗೊತ್ತಾದ ಮೇಲೆ ಶಾಲೆಗಳೂ ಅದನ್ನು ವಾರ್ಷಿಕ ವರದಿಯ ಒಂದು ಸಾಲಾಗಿ ಮಾತ್ರ ಉಳಿಸಿಕೊಂಡಿವೆ. ಕೇಳುವವರಿಲ್ಲದ ಕಡೆ ಕೊಡುವವರು ಯಾಕೆ ಕೊಟ್ಟಾರು? ಮುಂದಿನ ಪಾಲಕರ ಸಭೆಯಲ್ಲಿ ಅಂಕಪಟ್ಟಿಯ ಜೊತೆಗೆ ಇದನ್ನೂ ಕೇಳಿ ನೋಡಿ: ನನ್ನ ಮಗಳು ಎಷ್ಟು ನಿಮಿಷ ಬೊಂಬೆಯ ಎದೆ ಒತ್ತಿದ್ದಾಳೆ? ಬ್ಯಾಂಡೇಜನ್ನು ಅವಳ ಕೈಯಿಂದಲೇ ಕಟ್ಟಿಸಿದ್ದೀರಾ? ಆರು ತಿಂಗಳ ನಂತರ ಮತ್ತೊಮ್ಮೆ ಮಾಡಿಸುತ್ತೀರಾ? ಊರಿನ ಸಂಘಗಳು ಒಂದು ವರ್ಷ ಸ್ಮರಣಿಕೆ ಮತ್ತು ಶಾಲುಗಳ ಖರ್ಚನ್ನು ಉಳಿಸಿದರೆ ನಾಲ್ಕು ಬೊಂಬೆಗಳನ್ನು ಕೊಂಡು ಶಾಲೆಯಿಂದ ಶಾಲೆಗೆ, ಮಹಿಳಾ ಮದ್ರಸದಿಂದ ಮದ್ರಸಕ್ಕೆ ಒಯ್ಯಬಹುದು. ಕಲಿಸಲು ರೆಡ್‌ಕ್ರಾಸ್, ಸೇಂಟ್ ಜಾನ್ ಅಂಬುಲೆನ್ಸ್‌ನಂತಹ ಸಂಸ್ಥೆಗಳಿವೆ. ನಮ್ಮ ಸಮುದಾಯದಲ್ಲೇ ದಾದಿಯರು ಮತ್ತು ವೈದ್ಯೆಯರಿದ್ದಾರೆ. ವೇದಿಕೆ ಬೇಡ. ಬೊಂಬೆಯನ್ನು ಇಡುವುದು ನೆಲದ ಮೇಲೆ.

ಇದನ್ನು ಬರೆಯುತ್ತಿರುವಾಗ ನಮ್ಮ ಮೇಜಿನ ಮೇಲೆ ಇನ್ನೊಂದು ಪ್ರಥಮ ಚಿಕಿತ್ಸಾ ಶಿಬಿರದ ಆಮಂತ್ರಣ ಪತ್ರವಿದೆ. ಅತಿಥಿಗಳ ಹೆಸರುಗಳನ್ನು ಎಣಿಸಿದೆವು, ಹನ್ನೊಂದು. ಬೊಂಬೆಗಳು ಎಷ್ಟಿವೆ, ಹುಡುಗಿಯರಿಗೆ ಕಲಿಸುವವರು ಯಾರು ಎಂದು ಫೋನ್ ಮಾಡಿ ವಿಚಾರಿಸಿದೆವು. ಕಾರ್ಯಕ್ರಮ ಇನ್ನೂ ಎರಡು ವಾರವಿದೆಯಲ್ಲ, ನೋಡಿ ತಿಳಿಸುತ್ತೇವೆ ಎಂದಿದ್ದಾರೆ.